ತುಳಸಿ ಕಟ್ಟೆ ಈಜುಕೊಳದ ಬೇಲಿಯಿಂದ ಎಷ್ಟು ದೂರ ಇರಬೇಕು? (ಸಿಡ್ನಿ, 90 ದಿನಗಳಲ್ಲಿ 47 ಮುಗಿದಿವೆ)

ಗೇಟ್‌ಮನ್ ಮಗ, ತೂನ್‌ಗ್ಯಾಬಿ
ಸೆಪ್ಟೆಂಬರ್ 13

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದವಿದೆ, ದಯವಿಟ್ಟು ಸಹಿಸಿಕೊಳ್ಳಿ.

ನಮ್ಮ ಊರು ಅರಸೀಕೆರೆ. ಸಿಡ್ನಿಯಲ್ಲಿ ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ಈ ಜುಲೈ 28ರಂದು ತೂನ್‌ಗ್ಯಾಬಿಯಲ್ಲಿ ಒಂದು ಮನೆ ನಮ್ಮ ಹೆಸರಿಗಾಯಿತು. ಹಿತ್ತಲಲ್ಲಿ ಈಜುಕೊಳವಿದೆ. ನಾವು ಅದನ್ನು ಬಯಸಿದವರಲ್ಲ. ನನಗೆ ಈಜು ಬರುವುದಿಲ್ಲ, ಮಗಳಿಗೆ ಮೂರು ವರ್ಷ. ಆದರೆ ನಮ್ಮ ಕೈಗೆಟಕುವ ಬೆಲೆಯಲ್ಲಿ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಸಿಕ್ಕಿದ್ದು ಇದೊಂದೇ ಮನೆ. ಅಗ್ಗ ಏಕೆಂದು ಆಮೇಲೆ ಗೊತ್ತಾಯಿತು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2016ರ ಏಪ್ರಿಲ್ 29ರಿಂದ ಕೊಳವಿರುವ ಮನೆ ಮಾರಬೇಕಾದರೆ ಬೇಲಿ ಸರಿಯಿದೆ ಎಂಬ ಪ್ರಮಾಣಪತ್ರವನ್ನೋ, ಸರಿಯಿಲ್ಲ ಎಂಬ ಪ್ರಮಾಣಪತ್ರವನ್ನೋ ಕರಾರಿಗೆ ಲಗತ್ತಿಸಬೇಕು. ನಮಗೆ ಸಿಕ್ಕಿದ್ದು ಎರಡನೆಯದು. ಏಜೆಂಟ್ “ಸಣ್ಣಪುಟ್ಟ ಕೆಲಸ” ಎಂದು ನಗುತ್ತಲೇ ಕೊಟ್ಟ, ನಾನು ನಗುತ್ತಲೇ ಸಹಿ ಹಾಕಿದೆ. ಹೀಗೆ ಕೊಂಡವರು ಸೆಟಲ್‌ಮೆಂಟ್ ಆದ, ಅಂದರೆ ಮನೆ ಹೆಸರಿಗಾದ, 90 ದಿನಗಳೊಳಗೆ ಎಲ್ಲವನ್ನೂ ಸರಿಪಡಿಸಬೇಕು. ಅಂದರೆ ಅಕ್ಟೋಬರ್ 26 ಕಡೆಯ ದಿನ.

ಆ ಪತ್ರದಲ್ಲಿ ನಾಲ್ಕು ದೋಷಗಳಿವೆ. ಗೇಟನ್ನು ಪೂರ್ತಿ ತೆರೆದು ಬಿಟ್ಟರೆ ಢಣ್ ಎಂದು ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಗೇಣು ತೆರೆದು ಮೆಲ್ಲನೆ ಬಿಟ್ಟರೆ ಚಿಲಕಕ್ಕೆ ತಾಗಿ ಹಾಗೇ ನಿಂತುಬಿಡುತ್ತದೆ. ಬೇಲಿಯ ಒಂದು ಮೂಲೆಯಲ್ಲಿ ಮಣ್ಣು ಕೊಚ್ಚಿಹೋಗಿ ಕೆಳಗೆ 130 ಮಿಲಿಮೀಟರ್ ಸಂದು ಬಿದ್ದಿದೆ. ಪಕ್ಕದ ಮನೆಯವರಿಗೂ ನಮಗೂ ನಡುವಿನ ತಗಡಿನ ಬೇಲಿ ಕೊಳದ ನಾಲ್ಕನೆಯ ಬದಿಯೂ ಹೌದು, ಅದು 1.8 ಮೀಟರ್ ಇರಬೇಕಾದಲ್ಲಿ 1.65 ಇದೆ. ನಾಲ್ಕನೆಯದು, ಮುಳುಗಿದವರಿಗೆ ಉಸಿರು ತುಂಬುವ ವಿಧಾನ ಬರೆದ ಫಲಕ ಬಿಸಿಲಿಗೆ ಬಿಳಿಚಿ ಓದಲಾಗದಂತಾಗಿದೆ.

ಐದನೆಯ ದೋಷ ನನ್ನ ಸ್ವಂತ ಸಂಪಾದನೆ. ಅಕ್ಟೋಬರ್ ಮೊದಲ ವಾರ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ, ಆರು ತಿಂಗಳಿರುತ್ತಾರೆ. ಅಮ್ಮನಿಗೆಂದು ನಾನೂ ಹೆಂಡತಿಯೂ ಎರಡು ಶನಿವಾರ ಕುಳಿತು ಇಟ್ಟಿಗೆಯಲ್ಲಿ ತುಳಸಿ ಕಟ್ಟೆ ಕಟ್ಟಿದೆವು. ಇಲ್ಲಿ ಬಿಸಿಲು ಬೀಳುವುದು ಉತ್ತರದ ಕಡೆಯಿಂದ. ಹಿತ್ತಲಲ್ಲಿ ದಿನವಿಡೀ ಬಿಸಿಲಿರುವ ಜಾಗವೆಂದರೆ ಕೊಳದ ಬೇಲಿಯ ಬುಡ. ಅಲ್ಲೇ ಕಟ್ಟಿದೆವು. ಮೊನ್ನೆ ಕೌನ್ಸಿಲ್‌ನಿಂದ (ಇಲ್ಲಿನ ನಗರಸಭೆ) ತಪಾಸಣೆಗೆ ಬಂದ ಮಹಿಳೆ ಗೇಟನ್ನು ನೋಡುವ ಮೊದಲು ಕಟ್ಟೆಯನ್ನು ನೋಡಿದರು. ಎತ್ತರ 550 ಮಿಲಿಮೀಟರ್, ಬೇಲಿಯಿಂದ ದೂರ 400. “ಬಹಳ ಸುಂದರವಾಗಿದೆ, ದೇವರದೇ?” ಎಂದು ಕೇಳಿದರು. ಹೌದೆಂದೆ. “ಇದನ್ನು ಇಲ್ಲಿಂದ ತೆಗೆಯಬೇಕು” ಎಂದು ಬರೆದುಕೊಂಡರು.

ಬೇಲಿ ಹಾಕುವ ಒಬ್ಬ ಗುತ್ತಿಗೆದಾರನನ್ನು ಕರೆಸಿದ್ದೆ. ಎಲ್ಲವನ್ನೂ ಕಿತ್ತು ಗಾಜಿನ ಬೇಲಿ ಹಾಕಿ, ಪಕ್ಕದ ಬೇಲಿಯನ್ನೂ ಬದಲಿಸಲು 9,400 ಡಾಲರ್ ಎಂದ. ಭಾವಮೈದುನ ನೀರನ್ನು ಖಾಲಿ ಮಾಡಿಬಿಡು, ಕೊಳವೇ ಇಲ್ಲದಿದ್ದರೆ ಬೇಲಿ ಯಾರಿಗೆ ಬೇಕು ಎನ್ನುತ್ತಾನೆ. ನನ್ನ ತಲೆಯಲ್ಲಿ ಓಡುತ್ತಿರುವುದು ಇನ್ನೊಂದು: ತುಳಸಿಯನ್ನು ಬೇಲಿಯ ಒಳಗೇ, ಕೊಳದ ಕಡೆಗೇ ಇಟ್ಟುಬಿಟ್ಟರೆ ಹೇಗೆ?

ಕೊಳ ಕಟ್ಟಿದ್ದು 2014ರಲ್ಲಿ, ಫೈಬರ್‌ನದು. ಅನುಭವವಿರುವವರು ದಯವಿಟ್ಟು ಹೇಳಿ.

ಬೇಲಿಕೆಲಸ, ಬ್ಲ್ಯಾಕ್‌ಟೌನ್
ಸೆಪ್ಟೆಂಬರ್ 13

ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಪ್ರಮಾಣಪತ್ರ ಕೊಡುವ ಅಧಿಕಾರ ನನಗಿಲ್ಲ, ಬೇಲಿ ಕೂರಿಸುವವನು ಮಾತ್ರ. ಹಾಗಾಗಿ ಕಡೆಯ ಮಾತು ಟೇಪು ಹಿಡಿದು ಬರುವವರದೇ.

ಮೊದಲು ಆ 9,400ರ ಚೀಟಿಯನ್ನು ಹರಿದು ಹಾಕಿ. ನಿಮ್ಮ ಪಟ್ಟಿಯಲ್ಲಿ ಗಾಜು ಕೇಳುವ ದೋಷ ಒಂದೂ ಇಲ್ಲ.

ಖಾಲಿ ಮಾಡುವ ವಿಚಾರ ಬಿಟ್ಟುಬಿಡಿ. ಕಾನೂನು ನೀರನ್ನು ಅಳೆಯುವುದಿಲ್ಲ, ಪಾತ್ರೆಯನ್ನು ಅಳೆಯುತ್ತದೆ. 300 ಮಿಲಿಮೀಟರ್‌ಗಿಂತ ಹೆಚ್ಚು ನೀರು ತುಂಬಲು ಸಾಧ್ಯವಿದ್ದು, ಈಜುವುದಕ್ಕೋ ಆಡುವುದಕ್ಕೋ ಮಾಡಿದ್ದಾದರೆ ಅದು ಕೊಳ. ಇವತ್ತು ಒಣಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಅದೂ ಅಲ್ಲದೆ ಫೈಬರ್ ಕೊಳವನ್ನು ಖಾಲಿ ಬಿಟ್ಟಾಗ ಜೋರು ಮಳೆ ಹಿಡಿದರೆ, ಕೆಳಗಿನ ನೆಲದ ನೀರು ಅದನ್ನು ತೊಟ್ಟಿಲಿನಂತೆ ಮೇಲಕ್ಕೆತ್ತುತ್ತದೆ. ಅಂಥದ್ದನ್ನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಭಾವಮೈದುನರಿಗೆ ಹೇಳಿ.

ಗೇಟು. ಎಷ್ಟೇ ತೆರೆದು ಬಿಟ್ಟರೂ, ಚಿಲಕಕ್ಕೆ ತಾಗಿ ನಿಂತ ಜಾಗದಿಂದ ಬಿಟ್ಟರೂ, ಯಾರ ಕೈಯೂ ಸೋಕದೆ ತಾನೇ ಮುಚ್ಚಿ ತಾನೇ ಚಿಲಕ ಬೀಳಬೇಕು. ಕೊಳದಿಂದ ಹೊರಗಡೆಗೆ ತೆರೆದುಕೊಳ್ಳಬೇಕು, ಏಕೆಂದರೆ ಮಗು ಗೇಟಿಗೆ ಒರಗಿ ತಳ್ಳುತ್ತದೆ. ತಳ್ಳಿದಷ್ಟೂ ಅದು ಬಿಗಿಯಬೇಕು. ಚಿಲಕ ಬಿಡಿಸುವ ಗುಂಡಿ ನೆಲದಿಂದ 1,500 ಎತ್ತರದಲ್ಲಿರಬೇಕು. ನಿಮ್ಮದು ಕೀಲಿನ ಸ್ಪ್ರಿಂಗ್ ಸೋತಿರುವ ಲಕ್ಷಣ. ಕೀಲಿನ ತಲೆಯಲ್ಲಿ ತಿರುಪು ಇರುತ್ತದೆ, ಎರಡು ಹಲ್ಲು ಬಿಗಿ ಮಾಡಿ ನೋಡಿ. ಆಗದಿದ್ದರೆ ಕೀಲು ಜೋಡಿಯನ್ನೇ ಬದಲಿಸಿ, ಅರ್ಧ ಗಂಟೆಯ ಕೆಲಸ. ಕಂಬ ವಾಲಿದ್ದರೆ ಮಾತ್ರ ನನ್ನನ್ನು ಕರೆಯಿರಿ.

ಕೆಳಗಿನ ಸಂದು 100 ಮೀರಬಾರದು, ಸರಳುಗಳ ನಡುವೆಯೂ ಅಷ್ಟೇ. ಮಣ್ಣು ತುಂಬಬೇಡಿ, ಮುಂದಿನ ಮಳೆಗೆ ಮತ್ತೆ ಹೋಗುತ್ತದೆ. ಕಾಂಕ್ರೀಟಿನ ಸಣ್ಣ ಪಟ್ಟಿ ಹಾಕಿ.

ಇನ್ನು ಪಕ್ಕದ ಬೇಲಿ. ಒಂದು ಪ್ರಶ್ನೆಗೆ ಉತ್ತರ ಹೇಳಿ: ಬೇಲಿ ಗಿಡ್ಡವೇ, ಅಥವಾ ನೆಲ ಎತ್ತರವೇ? ತಗಡಿನ ಬೇಲಿ ಸಾಮಾನ್ಯವಾಗಿ 1.8ರದ್ದೇ ಬರುತ್ತದೆ. ಬುಡದಲ್ಲಿ ಹೂವಿನ ಪಾತಿ ಇದೆಯೇ?

ತುಳಸಿಯ ಬಗ್ಗೆ ರಾತ್ರಿ ಬರೆಯುತ್ತೇನೆ, ಈಗ ಕೆಲಸದಲ್ಲಿದ್ದೇನೆ.

ಗೇಟ್‌ಮನ್ ಮಗ, ತೂನ್‌ಗ್ಯಾಬಿ
ಸೆಪ್ಟೆಂಬರ್ 13

ಸರ್, ಈಗಷ್ಟೇ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ. ಹಿಂದಿನ ಮಾಲೀಕರು ಬೇಲಿಯುದ್ದಕ್ಕೂ ಲ್ಯಾವೆಂಡರ್ ಪಾತಿ ಮಾಡಿ, ಮೇಲೆ ಮರದ ತೊಗಟೆಯ ಚೂರು ಸುರಿದಿದ್ದಾರೆ. ಬೆರಳಿಂದ ಕೆದಕಿದೆ. ತಗಡು ಇನ್ನೂ ಕೆಳಗೆ ಹೋಗುತ್ತಲೇ ಇದೆ.

ಬೇಲಿಕೆಲಸ, ಬ್ಲ್ಯಾಕ್‌ಟೌನ್
ಸೆಪ್ಟೆಂಬರ್ 13

ಅಷ್ಟೇ. ಗುದ್ದಲಿ ತೆಗೆದುಕೊಳ್ಳಿ. ಪಾತಿಯನ್ನು 150 ಮಿಲಿಮೀಟರ್ ಇಳಿಸಿದರೆ ನಿಮ್ಮ ಬೇಲಿ ಪುಗಸಟ್ಟೆ 1.8 ಆಗುತ್ತದೆ. ಗುತ್ತಿಗೆದಾರನಿಗೆ ಇದು ತಿಳಿಯದೆ ಇರಲಿಲ್ಲ, ತಿಳಿಸುವ ಮನಸ್ಸಿರಲಿಲ್ಲ.

ಗಡಿಯ ಬೇಲಿಗೆ 1.8, ಉಳಿದ ಕೊಳದ ಬೇಲಿಗೆ 1.2 ಏಕೆ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಹಿತ್ತಲಲ್ಲಿ ಬೇಲಿಯ ಹೊರಗಡೆ ಏನಿರಬೇಕೆಂದು ನೀವು ತೀರ್ಮಾನಿಸಬಹುದು, ಹಾಗಾಗಿ 1.2 ಸಾಕು. ಪಕ್ಕದ ಮನೆಯವನು ಅವನ ಕಡೆ ಸೌದೆ ಒಟ್ಟುತ್ತಾನೋ, ಕೋಳಿ ಗೂಡು ಇಡುತ್ತಾನೋ ನಿಮ್ಮ ಹಿಡಿತದಲ್ಲಿಲ್ಲ. ಆ ಕಡೆಯಿಂದ ಮಗು ಹತ್ತಿಯೇ ಹತ್ತುತ್ತದೆ ಎಂದು ಇಟ್ಟುಕೊಂಡು ನಿಯಮ ಮಾಡಿದ್ದಾರೆ. ಹತ್ತಿದ ಮೇಲೆ ನಿಮ್ಮ ಕಡೆಗೆ ಇಳಿಯಲು ಆಗಬಾರದು. ಅದಕ್ಕೇ ಎತ್ತರವನ್ನು ಕೊಳದ ಕಡೆಯಿಂದ ಅಳೆಯುತ್ತಾರೆ, ಒಳಮೈಯ ಮೇಲಿನ 900 ಮಿಲಿಮೀಟರ್‌ನಲ್ಲಿ ಕಾಲಿಡುವ ಆಸರೆ ಒಂದೂ ಇರಬಾರದು.

ತುಳಸಿ. 1,200ರಲ್ಲಿ 550 ಕಳೆಯಿರಿ. ಉಳಿದದ್ದು 650. ಕಟ್ಟೆಯ ಮೇಲೆ ನಿಂತ ನಿಮ್ಮ ಮಗಳಿಗೆ ಬೇಲಿ ಅವಳ ಎದೆಗೂ ಬರುವುದಿಲ್ಲ. ಕುಂಡ, ಕುರ್ಚಿ, ಮೂರು ಗಾಲಿಯ ಸೈಕಲ್, ಏರ್ ಕಂಡೀಷನರ್ ಪೆಟ್ಟಿಗೆ, ಗಿಡದ ಕೊಂಬೆ, ಯಾವುದೂ ಬೇಲಿಯ ಹೊರಗೆ 900ರೊಳಗೆ ಇರಬಾರದು. ನಿಜವಾದ ಅಳತೆ ಬೇಲಿಯ ತುದಿಯಿಂದ ಕೆಳಕ್ಕೆ ಬಾಗುವ ಕಮಾನಿನದು, ಗಿಡ್ಡ ವಸ್ತುಗಳಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಆ ಲೆಕ್ಕಕ್ಕೆ ಹೋಗಬೇಡಿ. ಒಂದು ಮೀಟರ್ ಬಿಟ್ಟು ಇಡಿ, ಯಾರೂ ಕೇಳುವುದಿಲ್ಲ.

ಒಳಗಡೆ ಇಡುವ ಯೋಚನೆ? ಒಳಗಿನ ಅಂತರ 300 ಮಾತ್ರ, ಅಳತೆಗೆ ಹೊಂದುತ್ತದೆ. ಆದರೆ ನಿಮ್ಮ ಅಮ್ಮ ಬೆಳಿಗ್ಗೆ ನೀರೆರೆಯಲು ಒಮ್ಮೆ, ಸಂಜೆ ದೀಪಕ್ಕೆ ಒಮ್ಮೆ ಗೇಟು ತೆರೆಯುತ್ತಾರೆ. ಹಿಂದೆಯೇ ಮೊಮ್ಮಗಳು ಹೋಗುತ್ತಾಳೆ. ಒಂದು ದಿನ ಎರಡು ಕೈಯಲ್ಲೂ ತಟ್ಟೆ ಇರುತ್ತದೆ, ಗೇಟಿಗೆ ಇಟ್ಟಿಗೆ ಒತ್ತಿಡುತ್ತಾರೆ. ಹದಿನಾಲ್ಕು ವರ್ಷಗಳಲ್ಲಿ ನಾನು ನೋಡಿದ ಅತಿ ಅಪಾಯದ ವಸ್ತು ಮುರಿದ ಗೇಟಲ್ಲ, ಒಳ್ಳೆಯ ಗೇಟಿಗೆ ಒತ್ತಿಟ್ಟ ಇಟ್ಟಿಗೆ. ಕೊಳಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಒಳಗೆ ಹೋಗುವ ರೂಢಿಯೇ ಬೇಡ.

ಹಳೆ ಕೊಳದವರು, ಕ್ಯಾಸಲ್ ಹಿಲ್
ಸೆಪ್ಟೆಂಬರ್ 14

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದು ನನಗೆ ಆಶ್ಚರ್ಯ. ನಮ್ಮ ಮನೆಯ ಕೊಳ 1987ರದ್ದು. ಬಟ್ಟೆ ಒಗೆಯುವ ಕೋಣೆಯ ಬಾಗಿಲು ನೇರವಾಗಿ ಕೊಳದ ಅಂಗಳಕ್ಕೇ ತೆರೆಯುತ್ತದೆ. ನಡುವೆ ಬೇಲಿಯೇ ಇಲ್ಲ. ಬಾಗಿಲಿಗೆ ತಾನೇ ಮುಚ್ಚುವ ಕೀಲು, ಎತ್ತರದ ಚಿಲಕ ಇದೆ ಅಷ್ಟೇ. ಎರಡು ಸಲ ತಪಾಸಣೆಯಾಗಿದೆ, ಎರಡು ಸಲವೂ ಉತ್ತೀರ್ಣ.

ಬೇಲಿಕೆಲಸ, ಬ್ಲ್ಯಾಕ್‌ಟೌನ್
ಸೆಪ್ಟೆಂಬರ್ 14

ಸರ್, ನಿಮ್ಮದು ಸರಿ, ಆದರೆ ಅದು ಅವರಿಗೆ ನಡೆಯುವುದಿಲ್ಲ. 1990ರ ಆಗಸ್ಟ್ 1ಕ್ಕೆ ಮೊದಲು ಕಟ್ಟಿದ ಕೊಳಗಳಿಗೆ ಮನೆಯ ಬಾಗಿಲು ಕಿಟಕಿಗಳನ್ನೇ ತಡೆಯಾಗಿ ಬಳಸಲು ಅವಕಾಶವಿದೆ, ಅವು ನಿಯಮದ ಪ್ರಕಾರ ಮಗುವಿನಿಂದ ತೆರೆಯಲಾಗದಂತಿದ್ದರೆ. ಆಮೇಲಿನ ಕೊಳಗಳಿಗೆ ಮನೆಗೂ ಕೊಳಕ್ಕೂ ನಡುವೆ ಬೇಲಿ ಬೇಕು. 230 ಚದರ ಮೀಟರ್‌ಗಿಂತ ಚಿಕ್ಕ ನಿವೇಶನ, ಎರಡು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಮೀನು, ನೀರಂಚಿನ ಮನೆ, ಇವಕ್ಕೆ ಕೆಲವು ವಿನಾಯಿತಿಗಳಿದ್ದವು. 2010ರ ಜುಲೈ 1ರ ನಂತರ ಕಟ್ಟಿದವಕ್ಕೆ ಅದೂ ಇಲ್ಲ. ತೂನ್‌ಗ್ಯಾಬಿಯವರದು 2014ರದ್ದು, ಕೊಳದ ಬೇಲಿಗಳ 2012ರ ಆಸ್ಟ್ರೇಲಿಯನ್ ಮಾನದಂಡ ಪೂರ್ತಿ ಅನ್ವಯಿಸುತ್ತದೆ.

ಒಂದು ಕಿವಿಮಾತು. ಆ ಬಾಗಿಲನ್ನೋ ಸುತ್ತಲಿನ ತಡೆಯನ್ನೋ ದೊಡ್ಡದಾಗಿ ಬದಲಾಯಿಸುವ ಕೆಲಸಕ್ಕೆ ಕೈ ಹಾಕುವ ಮೊದಲು ವಿಚಾರಿಸಿ. ಹಾಗೆ ಬದಲಿಸಿದ ದಿನ ಹಳೆಯ ವಿನಾಯಿತಿ ಹೋಗುತ್ತದೆ.

ಹಳೆ ಕೊಳದವರು, ಕ್ಯಾಸಲ್ ಹಿಲ್
ಸೆಪ್ಟೆಂಬರ್ 14

ಬರುವ ಬೇಸಿಗೆಯಲ್ಲಿ ಅಲ್ಲಿ ಜಾರುವ ಗಾಜಿನ ಬಾಗಿಲು ಹಾಕಿಸಬೇಕೆಂದಿದ್ದೆ. ಮುಂಗಡವನ್ನೂ ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆಯೇ ಕೌನ್ಸಿಲ್‌ಗೆ ಫೋನ್ ಮಾಡುತ್ತೇನೆ. ಉಪಕಾರವಾಯಿತು.

ಎರಡು ಮಕ್ಕಳ ತಾಯಿ, ಕೆಲ್ಲಿವಿಲ್
ಸೆಪ್ಟೆಂಬರ್ 14

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಬಾಡಿಗೆಗೆ ಇದ್ದೇವೆ. ಗಾಳಿ ತುಂಬುವ ಪೂಲ್ ತಂದಿಟ್ಟಿದ್ದೇವೆ, ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ. ಅದರ ಗೋಡೆ 76 ಸೆಂಟಿಮೀಟರ್ ಎಂದು ಬರೆದಿದೆ. ಅದಕ್ಕೂ ಬೇಲಿಯೇ? ಅರ್ಧವಷ್ಟೇ ತುಂಬಿದರೆ?

ಬೇಲಿಕೆಲಸ, ಬ್ಲ್ಯಾಕ್‌ಟೌನ್
ಸೆಪ್ಟೆಂಬರ್ 14

ಅಕ್ಕಾ, ಅದಕ್ಕೂ ಬೇಲಿ, ಅದಕ್ಕೂ ರಾಜ್ಯದ ಪೂಲ್ ರಿಜಿಸ್ಟರ್‌ನಲ್ಲಿ ನೋಂದಣಿ. ಎಷ್ಟು ತುಂಬುತ್ತೀರಿ ಎಂಬುದಲ್ಲ, ಎಷ್ಟು ಹಿಡಿಯುತ್ತದೆ ಎಂಬುದು. ನೂರು ಡಾಲರ್‌ನ ಪೂಲ್‌ಗೆ ಎರಡು ಸಾವಿರದ ಬೇಲಿ ಯಾರೂ ಹಾಕಿಸುವುದಿಲ್ಲ, ಆದ್ದರಿಂದ ಪೆಟ್ಟಿಗೆ ಬಿಚ್ಚದೆ ಅಂಗಡಿಗೇ ಹಿಂತಿರುಗಿಸಿ. 300ಕ್ಕಿಂತ ಕಡಿಮೆ ಗೋಡೆಯ ಪುಟ್ಟದನ್ನು ತನ್ನಿ. ಆಡಿದ ಕೂಡಲೇ ನೀರು ಚೆಲ್ಲಿ ಮಗುಚಿ ಇಡಿ. ಅದಕ್ಕೆ ಕಾನೂನು ಬೇಲಿ ಕೇಳುವುದಿಲ್ಲ, ಆದರೆ ಮಗು ಮುಳುಗಲು ಆ ನೀರೂ ಸಾಕು. ಮಕ್ಕಳು ಕೂಗುವುದಿಲ್ಲ ಅಕ್ಕಾ, ಸದ್ದೇ ಆಗುವುದಿಲ್ಲ.

ಮೆಲ್ಬರ್ನ್ ಮಂಡ್ಯ
ಸೆಪ್ಟೆಂಬರ್ 15

ಇದನ್ನು ಓದುವ ವಿಕ್ಟೋರಿಯಾದವರಿಗೆ ಒಂದು ಮಾತು: ಇಲ್ಲಿನ ಕ್ರಮ ಬೇರೆ. ನಮ್ಮಲ್ಲಿ ನೋಂದಣಿ ಕೌನ್ಸಿಲ್‌ನಲ್ಲಿ. ಮನೆ ಮಾರಿ, ಮಾರದಿರಿ, ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಪ್ರಮಾಣಪತ್ರ ಸಲ್ಲಿಸಬೇಕು. ಸಿಡ್ನಿಯ ಉತ್ತರವನ್ನು ಇಲ್ಲಿ ನಕಲು ಹೊಡೆಯಬೇಡಿ.

ತೆಂಗಿನ ತೋಟ, ತಿಪಟೂರು ತಾಲ್ಲೂಕು
ಸೆಪ್ಟೆಂಬರ್ 16

ಎಲ್ಲರಿಗೂ ವಂದನೆಗಳು. ಮಗಳು ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿದ್ದಾಳೆ. ಹೋದ ವರ್ಷ ಅಲ್ಲಿ ನಾಲ್ಕು ತಿಂಗಳಿದ್ದು ಬಂದವನು ನಾನು. ಅಳಿಯನ ಸ್ನೇಹಿತರ ಮನೆಗಳಲ್ಲಿ ಈ ಬೇಲಿಗಳನ್ನು ನೋಡಿ ಮನಸ್ಸಿನಲ್ಲೇ ನಕ್ಕಿದ್ದೆ. ನಮ್ಮೂರಲ್ಲಿ ಕಟ್ಟೆಯೇ ಇಲ್ಲದ ಬಾವಿಯ ಪಕ್ಕ ಬೆಳೆದವರು ನಾವು. ಬದುಕಿಲ್ಲವೇ ಎಂದುಕೊಂಡೆ. ಆಮೇಲೆ ನಮ್ಮ ಜೊತೆ ಬೆಳೆಯದೆ ಹೋದವರ ನೆನಪೂ ಬಂತು.

ನಮ್ಮ ತೋಟದಲ್ಲಿ ಕೃಷಿ ಹೊಂಡವಿದೆ. ತಳಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಪಾಚಿ ಕಟ್ಟಿದರೆ ಆ ಇಳಿಜಾರು ಗಾಜಿಗಿಂತ ನುಣುಪು. ಈಜು ಬಲ್ಲ ಗಂಡಾಳು ಬಿದ್ದರೂ ಹತ್ತಿ ಬರಲಾರ. ಕೃಷಿ ಭಾಗ್ಯದಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನವಿದೆ, ಹಾಕಿಸಿದ್ದೆ. ಹಾಕಿಸಿ ಮರೆತಿದ್ದೆ. ಸಿಡ್ನಿಯಿಂದ ಬಂದ ಮೇಲೆ ಒಂದು ಸಂಜೆ ಹೋಗಿ ನೋಡುತ್ತೇನೆ, ಬೇಲಿಗೆ ತಾಗಿದಂತೆಯೇ ನಮ್ಮ ಆಳುಗಳು ಸುಲಿಯುವ ಕಾಯಿ ರಾಶಿ ಹಾಕಿದ್ದಾರೆ. ರಾಶಿ ನನ್ನ ಸೊಂಟದೆತ್ತರ. ಮೆಟ್ಟಿಲು ಕಟ್ಟಿಕೊಟ್ಟಂತೆ ಇತ್ತು. ಮಾರನೆಯ ದಿನವೇ ಪಂಪ್‌ಹೌಸ್ ಹತ್ತಿರಕ್ಕೆ ಸಾಗಿಸಿದೆ. ಹೊಂಡದ ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಎರಡು ಹಳೆಯ ಟ್ಯೂಬ್‌ಗಳನ್ನು ತೇಲಿಬಿಟ್ಟಿದ್ದೇನೆ.

ತುಳಸಿ ಕಟ್ಟೆಯ ಬಗ್ಗೆ: ನಿಮ್ಮ ತಾಯಿಯವರು ಬರುವ ಮೊದಲೇ ಜರುಗಿಸಿಬಿಡಿ. ಪೂಜೆ ಶುರುವಾದ ಮೇಲೆ ಕದಲಿಸುವುದೆಂದರೆ ಮನೆಯಲ್ಲಿ ಬೇರೆಯೇ ತಪಾಸಣೆ ನಡೆಯುತ್ತದೆ.

ಗೇಟ್‌ಮನ್ ಮಗ, ತೂನ್‌ಗ್ಯಾಬಿ
ಅಕ್ಟೋಬರ್ 19

ಉತ್ತರಿಸಿದ ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ. ಮೊನ್ನೆ, 81ನೆಯ ದಿನ, ಪ್ರಮಾಣಪತ್ರ ಬಂತು. ಮೂರು ವರ್ಷ ನಡೆಯುತ್ತದೆ.

ತಿಪಟೂರಿನ ಯಜಮಾನರ ಮಾತು ಕೇಳಿ ಕಟ್ಟೆಯನ್ನು ಮೊದಲು ಜರುಗಿಸಲು ಹೋದೆ. ಜರುಗುತ್ತದೆಯೇ? ಎರಡು ಶನಿವಾರ ಕಟ್ಟಿದ್ದನ್ನು ಒಂದು ಭಾನುವಾರ ಒಡೆದೆವು. ಈಗ ತುಳಸಿ ಗಾಲಿಯಿರುವ ದೊಡ್ಡ ಕುಂಡದಲ್ಲಿದೆ, ಅಡುಗೆಮನೆಯ ಮೆಟ್ಟಿಲ ಪಕ್ಕ. ಬಿಸಿಲು ಹನ್ನೊಂದಕ್ಕೆ ಬರುತ್ತದೆ, ಎರಡಕ್ಕೆ ಹೋಗುತ್ತದೆ. ಅಮ್ಮನಿಗೆ ಹಿಂದಿನ ಜಾಗದ ಕಥೆ ಹೇಳಿಲ್ಲ. ಆದರೆ ಬೇಲಿಯ ಬುಡದಲ್ಲಿ ಇಟ್ಟಿಗೆಯ ಚೌಕಾಕಾರದ ಗುರುತು ನೋಡಿ ಇದೇನೆಂದು ಎರಡು ಸಲ ಕೇಳಿದ್ದಾರೆ.

ಪಾತಿ ಅಗೆಯುವುದು ಮೂರು ಸಂಜೆಯ ಕೆಲಸವಾಯಿತು. ಲ್ಯಾವೆಂಡರ್ ಗಿಡಗಳನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಅಗೆದಲ್ಲಿ ತಗಡಿನ ಮೇಲೆ ಹಳೆಯ ಮಣ್ಣಿನ ಗೆರೆ ಕಾಣಿಸಿತು: ಟೇಪು ಹಿಡಿದರೆ ಅಲ್ಲಿಂದ ತುದಿಗೆ 1,815. ಬೇಲಿ ಮೊದಲಿನಿಂದಲೂ ಸರಿಯಾಗಿಯೇ ಇತ್ತು, ಯಾರೋ ಹೂವಿನ ಆಸೆಗೆ ಅದನ್ನು ಗಿಡ್ಡ ಮಾಡಿದ್ದರು. ಕೆಳಗಿನ ಸಂದಿಗೆ ಮೂರು ಚೀಲ ಕಾಂಕ್ರೀಟು ಹಿಡಿಯಿತು. ಗೇಟಿನ ಸ್ಪ್ರಿಂಗ್ ಎಷ್ಟು ಬಿಗಿ ಮಾಡಿದರೂ ಆಗಲಿಲ್ಲ, ಹೊಸ ಕೀಲು ಹಾಕಿದೆ. ಎಲ್ಲ ಸೇರಿ 212 ಡಾಲರ್. ಕೌನ್ಸಿಲ್ ತಪಾಸಣೆಗೆ ಮೊದಲ ಸಲ 150, ಎರಡನೆಯ ಸಲ 100. 9,400ರ ಗುತ್ತಿಗೆದಾರ ಇನ್ನೂ ಫೋನ್ ಮಾಡುತ್ತಿದ್ದಾನೆ.

ಫಲಕದ ವಿಷಯ ಹೇಳಲೇಬೇಕು. ಹೊಸದನ್ನು ತಂದು ತಗುಲಿಸುವಾಗ ಕೆಳಗಿನ ಸಾಲುಗಳನ್ನು ಓದಿದೆ. ಚಿಕ್ಕ ಮಕ್ಕಳ ಮೇಲೆ ಕಣ್ಣಿಡಿ, ಗೇಟು ಸದಾ ಮುಚ್ಚಿರಲಿ, ಯಾವ ವಸ್ತುವನ್ನೂ ಬೇಲಿಯಿಂದ 900 ಮಿಲಿಮೀಟರ್ ದೂರವಿಡಿ. ಆ ವಾಕ್ಯ ಹಳೆಯ ಫಲಕದಲ್ಲಿಯೂ ಇದ್ದಿರಲೇಬೇಕು. ಅದರ ಮುಂದೆಯೇ ಮಂಡಿಯೂರಿ ಕುಳಿತು ಇಟ್ಟಿಗೆ ಜೋಡಿಸಿದ್ದೆ. ಅಪ್ಪ ಅಮ್ಮನಿಗಾಗಿ ಪಕ್ಕದಲ್ಲಿ ಕನ್ನಡದಲ್ಲೂ ಬರೆದು ಅಂಟಿಸಿದ್ದೇನೆ, ಮೇಲೆ ಕೆಂಪು ಅಕ್ಷರದಲ್ಲಿ ಇಲ್ಲಿನ ತುರ್ತು ಸಂಖ್ಯೆ 000. ತುರ್ತಿಗೆ ಯಾವ ಸಂಖ್ಯೆ ಎಂದು ಕೇಳಿದಾಗ ಇಬ್ಬರೂ 108 ಎಂದರು.

ಇನ್ನು ಅಪ್ಪ. ನನ್ನ ಹೆಸರು ನೋಡಿ ನೀವು ಊಹಿಸಿರಬಹುದು, ಅವರು ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಲೆವೆಲ್ ಕ್ರಾಸಿಂಗ್ ಗೇಟು ಕಾದವರು. ಬಂದ ಮರುದಿನ ಬೆಳಿಗ್ಗೆ ಕೊಳದ ಗೇಟನ್ನು ಕಂಡರು. ತಾನೇ ಮುಚ್ಚಿಕೊಳ್ಳುವ ಗೇಟೆಂದರೆ ಅವರಿಗೆ ನಂಬಿಕೆಯಿಲ್ಲ. “ಮನುಷ್ಯ ಇಲ್ಲದೆ ಗೇಟು ಬೀಳುತ್ತದೆ ಎಂದರೆ, ಬೀಳದ ದಿನ ಯಾರಿಗೂ ಗೊತ್ತಾಗುವುದಿಲ್ಲ” ಎಂದರು. ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಪರೀಕ್ಷಿಸುತ್ತಾರೆ. ಪೂರ್ತಿ ತೆರೆದು ಬಿಡುತ್ತಾರೆ, ಅರ್ಧ ತೆರೆದು ಬಿಡುತ್ತಾರೆ, ಒಂದು ಗೇಣು, ಆಮೇಲೆ ಎರಡು ಬೆರಳು. ನೋಟ್‌ಪುಸ್ತಕದಲ್ಲಿ ಸಮಯ ಬರೆದು ಪಕ್ಕದಲ್ಲಿ “ಬಿತ್ತು” ಎಂದು ಬರೆಯುತ್ತಾರೆ. ಅಕ್ಟೋಬರ್ 11ರ ಸಂಜೆ 5.50ಕ್ಕೆ “ಎರಡು ಬೆರಳಿಗೆ ಬೀಳಲಿಲ್ಲ” ಎಂದಿತ್ತು. ನನಗೆ ನಂಬಿಕೆಯಾಗಲಿಲ್ಲ, ಹೊಸ ಕೀಲು. ಹೋಗಿ ನೋಡಿದರೆ ನಿಜ. ತಿರುಪು ಮತ್ತೊಂದು ಹಲ್ಲು ಬಿಗಿ ಮಾಡಿದೆ. ಆರು ದಿನದ ನಂತರ ಬಂದ ತಪಾಸಣೆಯ ಮಹಿಳೆ ಮಾಡಿದ ಮೊದಲ ಕೆಲಸವೂ ಅದೇ, ಎರಡು ಬೆರಳು. ಅಪ್ಪ ಪುಸ್ತಕ ತೋರಿಸಿದರು. ಆಕೆಗೆ ಕನ್ನಡ ಓದಲು ಬಾರದು, ಆದರೂ ಪುಟ ತಿರುಗಿಸಿ ಪೂರ್ತಿ ನೋಡಿದರು.

ಒಂದು ಸಮಸ್ಯೆ ಉಳಿದಿದೆ. ಪರೀಕ್ಷೆ ಮುಗಿದ ಮೇಲೆ ಅಪ್ಪ ಪ್ಲಾಸ್ಟಿಕ್ ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡು ಬೇಲಿಗೆ ಒರಗಿ ಕೂರುತ್ತಾರೆ. ಎದ್ದು ಬರುವಾಗ ಕುರ್ಚಿ ಅಲ್ಲೇ. ಮೂರು ಸಲ ಹೇಳಿದ್ದೇನೆ. ಕಡೆಗೆ ಅಮ್ಮ ರಂಗೋಲಿ ಪುಡಿ ತಂದು ಬೇಲಿಯಿಂದ ಒಂದು ಮೀಟರ್ ಆಚೆಗೆ ಉದ್ದಕ್ಕೂ ಒಂದು ಎಳೆ ಎಳೆದಿದ್ದಾರೆ, ಮಳೆ ಬಂದರೆ ಮತ್ತೆ ಎಳೆಯುತ್ತಾರಂತೆ.

ಬೇಲಿಕೆಲಸ ಸರ್, ಸಂದು ಅಳೆಯಲು ನೀವು ಕೊಟ್ಟ 100 ಮಿಲಿಮೀಟರ್‌ನ ಮರದ ತುಂಡು ಇನ್ನೂ ನನ್ನ ಬಳಿಯೇ ಇದೆ. ಈ ಶನಿವಾರ ತರುತ್ತೇನೆ. ನಡುವೆ ಯಾರಿಗಾದರೂ ಬೇಕಿದ್ದರೆ ಇಲ್ಲಿ ಬರೆಯಿರಿ, ತೂನ್‌ಗ್ಯಾಬಿ ನಿಲ್ದಾಣದ ಹತ್ತಿರ ಕೊಡುತ್ತೇನೆ.

ಹಳೆ ಕೊಳದವರು, ಕ್ಯಾಸಲ್ ಹಿಲ್
ಅಕ್ಟೋಬರ್ 19

ನನಗೆ ಬೇಕು. ಗಾಜಿನ ಬಾಗಿಲಿನ ಮುಂಗಡ ಮರಳಿ ಬಂದಿಲ್ಲ, ಅದು ಬೇರೆ ಕಥೆ.